ಸೆಕೆಂಡ್ ಹ್ಯಾಂಡ್ ಕೋಬೋ ಕ್ಲಾರಾ ಎಚ್‌ಡಿ: ಮೂರು ಮಳೆಗಾಲ, ಎರಡು ಬ್ಯಾಟರಿ, ಒಬ್ರು ಅತ್ತೆ

ಮೊದ್ಲೇ ಹೇಳ್ಬಿಡ್ತೀನಿ, ಹೊಸ ಕನ್ನಡ ಕಾದಂಬರಿ ಬಿಡುಗಡೆ ಆದ ವಾರಾನೇ ಓದ್ಬೇಕು ಅನ್ನೋರಿಗೆ ಕೋಬೋ ಅನ್ನೋ ಈ ಇ-ಪುಸ್ತಕ ಓದೋ ಮಷೀನು ಅಲ್ಲ. ಕನ್ನಡ ಇ-ಪುಸ್ತಕ ಮಾರೋ ಹೆಚ್ಚಿನ ಆಪ್‌ಗಳಲ್ಲಿ ದುಡ್ಡು ಕೊಟ್ಟು ತಗೊಂಡ ಪುಸ್ತಕಾನ ಫೋನಲ್ಲಿ ಆ ಆಪ್ ಒಳಗೇ ಓದ್ಬೇಕು, ಇದಕ್ಕೆ ಹಾಕಕ್ಕೆ ಬರಲ್ಲ. ನಾನು ತಗೊಂಡಿದ್ದು ಹಳೇ ಪುಸ್ತಕಕ್ಕೋಸ್ಕರ. ನಮ್ದು ತೀರ್ಥಹಳ್ಳಿ ಕಡೆ, ಜೂನ್ ಹಿಡೀತು ಅಂದ್ರೆ ಕಪಾಟಲ್ಲಿರೋ ಪುಸ್ತಕಕ್ಕೆಲ್ಲ ಬೂಷ್ಟು, ಬಚ್ಚಲೊಲೆ ಹತ್ರ ಇಟ್ಟು ಒಣಗಿಸಿದ್ರೆ ಹೊಗೆ ವಾಸನೆ, ಅಟ್ಟಕ್ಕೆ ಹಾಕಿದ್ರೆ ಗೆದ್ದಲು. ಮಾವನವರು ಜೋಡಿಸಿಟ್ಟಿದ್ದ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಗೇ ಹೋಯ್ತು. ಅದರಲ್ಲಿ ಸುಮಾರು ಪುಸ್ತಕ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಆಗಿ ಕೂತಿದೆ ಅಂತ ಗೊತ್ತಾದ್ಮೇಲೆ, ಅದನ್ನ ಫೋನಲ್ಲಿ ಓದಿ ಕಣ್ಣುರಿ ಬಂದ್ಮೇಲೆ, ಇದರ ಹುಡುಕಾಟ ಶುರು ಆಗಿದ್ದು.

ಕ್ಲಾರಾ ಎಚ್‌ಡಿ 2018ರ ಮಾಡೆಲ್ಲು. ಬೆಂಗಳೂರಲ್ಲಿರೋ ಅಣ್ಣನ ಮಗನ ಸ್ನೇಹಿತನೊಬ್ಬ ಮಾರ್ತಿದ್ದ, 5,200 ರೂಪಾಯಿಗೆ ಬಂತು, ಹಿಂಬದಿ ಒಂದೆರಡು ಗೀರು ಬಿಟ್ರೆ ಚೆನ್ನಾಗೇ ಇತ್ತು. 6 ಇಂಚು ಸ್ಕ್ರೀನು, ಇಂಚಿಗೆ 300 ಚುಕ್ಕೆ, ಅಂದ್ರೆ ಅಚ್ಚಾದ ಪುಟಕ್ಕೂ ಇದಕ್ಕೂ ಸಾಧಾರಣ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ತೂಕ 166 ಗ್ರಾಂ, ಮಲಗಿ ಓದುವಾಗ ಮೂಗಿನ ಮೇಲೆ ಬಿದ್ರೂ ನಡೀತದೆ (ಬಿದ್ದಿದೆ). ಬೆಳಕನ್ನ ರಾತ್ರಿ ಹೊತ್ತು ಹಳದಿ ಕಡೆಗೆ ತಿರುಗಿಸ್ಬಹುದು. ಇ-ಇಂಕ್ ಆಗಿರೋದ್ರಿಂದ ಪುಟ ತಿರುಗಿಸೋವಾಗ ಮಾತ್ರ ಸ್ಕ್ರೀನು ಕರೆಂಟು ತಿನ್ನೋದು, ಒಂದ್ಸಲ ಅಕ್ಷರ ಮೂಡಿದ್ರೆ ಅದು ಹಾಗೇ ನಿಂತಿರ್ತದೆ. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ದಿದ್ದಾಗ ಮನೇಲಿ ಜೀವ ಇದ್ದ ಸಾಮಾನು ಅಂದ್ರೆ ಇದೊಂದು ಮತ್ತೆ ಟಾರ್ಚು. ವಾಟರ್‌ಪ್ರೂಫ್ ಅಲ್ಲ ಆದ್ರೆ, ಜಗಲಿ ತುದೀಲಿ ಕೂತು ಓದೋರು ಎರಚಲು ನೋಡ್ಕೊಂಡು ಕೂತ್ಕೊಳ್ಬೇಕು. ಚಾರ್ಜಿಗೆ ಹಳೇ ಮೈಕ್ರೋ ಯುಎಸ್‌ಬಿ.

ಇಷ್ಟು ಮಷೀನಿನ ಕಥೆ. ನಾನು ನಿಜವಾಗಿ ಹೊಗಳ್ಬೇಕು ಅಂತಿರೋದು ಕೋರೀಡರ್ ಅನ್ನೋ ಪುಸ್ತಕ ಓದೋ ಸಾಫ್ಟ್‌ವೇರನ್ನ. ಇದು ಯಾವ ಕಂಪನಿದೂ ಅಲ್ಲ, ಬೇರೆ ಬೇರೆ ದೇಶದ ಜನ ಬಿಡುವಿನಲ್ಲಿ ಸೇರಿ ಬರೀತಿರೋದು, ದುಡ್ಡಿಲ್ಲ, ಸೋರ್ಸ್ ಕೋಡ್ ಯಾರು ಬೇಕಾದ್ರೂ ನೋಡ್ಬಹುದು, ಕೋಬೋ ಅಲ್ದೆ ಕಿಂಡಲ್ಲು, ಪಾಕೆಟ್‌ಬುಕ್ಕು, ಆಂಡ್ರಾಯ್ಡ್ ಎಲ್ಲದ್ರಲ್ಲೂ ಓಡ್ತದೆ. ಕಿಂಡಲ್ಲಿಗೆ ಹಾಕೋಕೆ ಮೊದ್ಲು ಬೀಗ ಮುರೀಬೇಕು, ಯಾವ ವರ್ಷನ್ನಿಗೆ ಯಾವ ದಾರಿ ಅಂತ ಹುಡುಕ್ಬೇಕು. ಕೋಬೋದಲ್ಲಿ ಆ ರಗಳೆ ಇಲ್ಲ. ಕಂಪ್ಯೂಟರಿಗೆ ಸಿಗಿಸಿದ್ರೆ ಪೆನ್ ಡ್ರೈವ್ ತರ ತೆರ್ಕೊಳ್ತದೆ, ಚುಕ್ಕೆಯಿಂದ ಶುರು ಆಗೋ ಹೆಸರಿನ ಒಂದು ಅಡಗಿದ ಫೋಲ್ಡರ್ ಇದೆ, ಅದ್ರೊಳಗೆ ಒಂದು ಫೈಲ್ ಹಾಕಿ ಕೇಬಲ್ ಕಿತ್ರೆ ಅದಷ್ಟಕ್ಕೇ ಅಪ್ಡೇಟ್ ಅಂತ ಅಂದ್ಕೊಂಡು ಒಳಗೆ ಸೇರಿಸ್ಕೊಳ್ತದೆ. ನಿಕಲ್‌ಮೆನು ಅಂತ ಒಂದು ಸಣ್ಣ ಪ್ರೋಗ್ರಾಮನ್ನ ಕೋರೀಡರ್ ಫೈಲುಗಳ ಜೊತೆ ಹಾಗೆ ಹಾಕಿದೆ, ಅದ್ರಿಂದ ಮೆನುನಲ್ಲಿ ಕೋರೀಡರ್ ಅಂತ ಒಂದು ಸಾಲು ಬಂತು. ಕಂಪನಿ ಸಾಫ್ಟ್‌ವೇರ್ ಅಳಿಸಿ ಹೋಗಲ್ಲ, ಅದೂ ಇರ್ತದೆ ಇದೂ ಇರ್ತದೆ. ಆಮೇಲೆ ಹೊಸ ವರ್ಷನ್ ಬಂದಾಗ ವೈಫೈ ಹಾಕಿ ಮೆನುವಿಂದಲೇ ಅಪ್ಡೇಟ್ ಒತ್ತಿದ್ರೆ ಆಯ್ತು.

ಸ್ಕ್ಯಾನ್ ಪಿಡಿಎಫ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕನ್ನಡದವರಿಗೆ ಇದೇ ಮುಖ್ಯ. ಹಳೇ ಕನ್ನಡ ಪುಸ್ತಕ ಸಿಗೋದೇ ಹಾಗೆ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದಿದ್ದು, ಆರ್ಕೈವಲ್ಲೇ ಇರೋ ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹದ್ದು, ಕರ್ನಾಟಕ ಸರ್ಕಾರದ ಕಣಜ ಜಾಲತಾಣದ್ದು, ಎಲ್ಲ ಪಿಡಿಎಫ್ಫೇ. ಮಾಮೂಲಿ ಕಾದಂಬರಿಯ ಡೆಮಿ ಸೈಜಿನ ಪುಟಾನ 6 ಇಂಚಿಗೆ ತುರುಕಿದ್ರೆ ಅಕ್ಷರ ಸಾಸಿವೆ ಕಾಳು. ಕೋರೀಡರಲ್ಲಿ ಮಾರ್ಜಿನ್ ತಾನಾಗೇ ಕತ್ತರಿಸೋ ಆಯ್ಕೆ ಇದೆ, ಅದು ಹಾಕಿ ಮಷೀನನ್ನ ಅಡ್ಡ ಹಿಡಿದ್ರೆ ಸಾಲಿನ ಅಗಲ ಪೂರ್ತಿ ಸ್ಕ್ರೀನ್ ತುಂಬ್ತದೆ, ಒಂದು ಪುಟ ಎರಡು ಮೂರು ಒತ್ತಿಗೆ ಮುಗೀತದೆ. ಮಾಸಿದ ಅಚ್ಚಿಗೆ ಕಾಂಟ್ರಾಸ್ಟ್ ಏರಿಸ್ಬಹುದು. 1950ರ ಸುಮಾರಿನ ಒಂದು ಕಾದಂಬರಿ, ಮೂಲ ಸ್ಕ್ಯಾನಲ್ಲಿ ಚಹಾ ಚೆಲ್ಲಿದಂಗೆ ಕಂದು, ಕಾಂಟ್ರಾಸ್ಟ್ ಎರಡು ಹೆಜ್ಜೆ ಏರಿಸಿದ್ದೇ ತಡ ಅಚ್ಚುಮೊಳೆ ಒತ್ತಿದ ಗುರುತು ಸಮೇತ ಕಪ್ಪಗೆ ಎದ್ದು ನಿಂತ್ವು ಅಕ್ಷರ.

ರೀಫ್ಲೋ ಅಂತ ಇನ್ನೊಂದಿದೆ, ಸ್ಕ್ಯಾನ್ ಆದ ಚಿತ್ರದಲ್ಲೇ ಒಂದೊಂದು ಪದಾನ ಕತ್ತರಿಸಿ ದೊಡ್ಡದು ಮಾಡಿ ಮತ್ತೆ ಸಾಲಾಗಿ ಜೋಡಿಸೋದು. ಇಂಗ್ಲಿಷಿಗೆ ಬೆಣ್ಣೆ ಹಂಗೆ ಕೆಲಸ ಮಾಡ್ತದೆ. ನಮ್ಮ ಒತ್ತಕ್ಷರ ಸಾಲಿಂದ ಕೆಳಗೆ ಇಳಿಬಿದ್ದಿರ್ತದಲ್ಲ, ಸಾಲು ಸಾಲು ಒತ್ತೊತ್ತಾಗಿ ಅಚ್ಚಾದ ಪುಸ್ತಕದಲ್ಲಿ ಆ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೋ ಗುಡಿಸಿಗೋ ಹೋಗಿ ತಗುಲಿಕೊಳ್ತದೆ, ಆಮೇಲೆ ಓದಿದ್ರೆ ಅರ್ಥ ನಾವೇ ಕಟ್ಕೋಬೇಕು. ಸಾಲಿನ ನಡುವೆ ಜಾಗ ಬಿಟ್ಟ ಪುಸ್ತಕಕ್ಕೆ ಮಾತ್ರ ರೀಫ್ಲೋ, ಉಳಿದಿದ್ದಕ್ಕೆ ಅಡ್ಡ ಹಿಡಿಯೋದೇ ಲೇಸು. ಇನ್ನೊಂದು, ದೊಡ್ಡ ಸ್ಕ್ಯಾನಿಗೆ ಪುಟ ತಿರುಗೋದು ನಿಧಾನ, 512 ಎಂಬಿ ರ್‍ಯಾಮಿನ ಮಷೀನಿನ ಹತ್ರ ಇದಕ್ಕಿಂತ ಜಾಸ್ತಿ ಎಂತ ಕೇಳೋದು.

ಈಪಬ್, ಅಂದ್ರೆ ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೊಳ್ಳೋಕೆ ಬರೋ ಇ-ಪುಸ್ತಕ, ಆದ್ರೆ ಸುಖವೋ ಸುಖ. ಕನ್ನಡ ವಿಕಿಸೋರ್ಸ್‌ನಿಂದ ವಚನ, ದಾಸರ ಪದ ಎಲ್ಲ ಈಪಬ್ ಆಗೇ ಇಳಿಸ್ಕೋಬಹುದು, ಲೇಖಕರು ತೀರ್ಕೊಂಡು 60 ವರ್ಷ ದಾಟಿದ್ರೆ ನಮ್ಮ ದೇಶದಲ್ಲಿ ಹಕ್ಕು ಮುಗೀತದೆ, ಹಾಗಾಗಿ ಕದ್ದು ಓದಿದಂಗೂ ಅಲ್ಲ. ಫಾಂಟ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಮತ್ತೆ ಟೀರೋ ಕನ್ನಡ ಹಾಕಿದೆ, ಅತ್ತೆ ಟೀರೋ ಒಪ್ಪಿದ್ರು, "ಇದು ನಮ್ಮ ಕಾಲದ ಪುಸ್ತಕದ ಅಕ್ಷರದಂಗೆ ಉಂಟು" ಅಂದ್ರು. ಒಂದು ವಿಷಯ ತಲೇಲಿಟ್ಕೊಳ್ಳಿ, ಫಾಂಟ್ ಮೆನುನಲ್ಲಿ ಕರ್ನಿಂಗ್ ಅಂತ ಇರ್ತದೆ, ಅದು ಬೆಸ್ಟ್‌ನಲ್ಲೇ ಇರ್ಲಿ. ವೇಗ ಸಿಗ್ತದೆ ಅಂತ ಕೆಳಗೆ ಇಳಿಸಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ "ಅಕ್ಕ" ಅನ್ನೋದು ಕ ಕ ಅಂತ ಬೇರೆ ಬೇರೆ ನಿಂತ್ಕೊಳ್ತದೆ, ಅಕ್ಷರ ಕೂಡಿಸೋ ಹಾರ್ಫ್‌ಬಜ್ ಅನ್ನೋ ಭಾಗ ಪೂರ್ತಿ ಕೆಲಸ ಮಾಡೋದು ಬೆಸ್ಟ್‌ನಲ್ಲಿ ಮಾತ್ರ. ನಾನೇ ಇಳಿಸಿ, ಫಾಂಟೇ ಸರಿ ಇಲ್ಲ ಅಂತ ಒಂದು ಭಾನುವಾರ ಪೂರ್ತಿ ಫಾಂಟ್ ಬದಲಾಯಿಸ್ತಾ ಕೂತಿದ್ದೆ. ಜೊತೆಗೆ ಎರಡೂ ಬದಿ ಸಮ ಮಾಡೋದನ್ನ ತೆಗೆದುಹಾಕಿ, ನಮ್ಮ ಉದ್ದುದ್ದ ಪದಕ್ಕೆ ಅದು ಸಾಲಿನ ಮಧ್ಯ ಹಲ್ಲು ಬಿದ್ದಂಗೆ ಖಾಲಿ ಬಿಡ್ತದೆ.

ಡಿಕ್ಷನರಿ ಅರ್ಧ ಖುಷಿ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಅಂತ 2019ರಲ್ಲಿ ಮುಕ್ತವಾಗಿ ಬಂತಲ್ಲ, ಲಕ್ಷದ ಮೇಲೆ ಪದ ಇರೋದು, ಅದನ್ನ ಅಣ್ಣನ ಮಗ ಪೈಗ್ಲಾಸರಿ ಅನ್ನೋ ಪ್ರೋಗ್ರಾಮಲ್ಲಿ, ಕೋರೀಡರಿಗೆ ಓದಕ್ಕೆ ಬರೋ ಸ್ಟಾರ್‌ಡಿಕ್ಟ್ ರೂಪಕ್ಕೆ ತಿರುಗಿಸಿ ಕೊಟ್ಟ. ಪದದ ಮೇಲೆ ಬೆರಳು ಒತ್ತಿ ಹಿಡಿದ್ರೆ ಅರ್ಥ ಬರ್ತದೆ. ಬರ್ತದೆ ಅಂದ್ರೆ, ಪದ ಬರಿಮೈಯಲ್ಲಿದ್ರೆ ಬರ್ತದೆ. ಕನ್ನಡದಲ್ಲಿ ಪದಕ್ಕೆ ಬಾಲ ಇಲ್ದೇ ಇರೋದು ಯಾವಾಗ? "ಪಡಸಾಲೆಯಲ್ಲಿ" ಅಂತ ಒತ್ತಿದ್ರೆ ಸಿಗಲ್ಲ, ಬಾಲ ಅಳಿಸಿ "ಪಡಸಾಲೆ" ಮಾಡ್ಬೇಕು. ಅದಾದ್ರೂ ಸರಿ, "ಊರಿಗೆ" ಅನ್ನೋದ್ರ ಬಾಲ ಅಳಿಸಿದ್ರೆ "ಊರ" ಅಂತ ಉಳೀತದೆ, ಉಕಾರ ಎಲ್ಲಿಂದ ತರೋದು, ಹತ್ತಿರದ ಪದ ಹುಡುಕೋ ಆಯ್ಕೆ ಹಾಕಿಟ್ರೆ ಕೆಲವೊಮ್ಮೆ ಸಿಗ್ತದೆ. ಸ್ಕ್ಯಾನ್ ಪುಸ್ತಕದಲ್ಲಂತೂ ಇದರ ಮಾತೇ ಬೇಡ, ಅಲ್ಲಿರೋದು ಅಕ್ಷರವೇ ಅಲ್ಲ, ಅಕ್ಷರದ ಫೋಟೋ.

ಇನ್ನು ರಿಪೇರಿ. ಕ್ಲಾರಾ ಎಚ್‌ಡಿ ಒಳಗೆ ಸ್ಟೋರೇಜ್ ಅಂದ್ರೆ ಒಂದು ಮಾಮೂಲಿ ಮೈಕ್ರೋ ಎಸ್‌ಡಿ ಕಾರ್ಡು, ಬೆಸುಗೆ ಹಾಕಿಲ್ಲ, ಸ್ಲಾಟಲ್ಲಿ ಕೂತಿದೆ. 8 ಜಿಬಿ. ಒಂದೊಂದು ಸ್ಕ್ಯಾನು 40, 50 ಎಂಬಿ ಇರೋದ್ರಿಂದ ಎರಡನೇ ಮಳೆಗಾಲಕ್ಕೆ ತುಂಬಿಹೋಯ್ತು. ಹಿಂಬದಿ ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಅಂಚಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೀತಾ ಬಂದ್ರೆ ಟಪ್ ಟಪ್ ಅಂತ ಬಿಟ್ಕೊಳ್ತದೆ. ಪ್ರತಿ ಟಪ್ಪಿಗೂ ನಮ್ಮೆಜಮಾನ್ರು "ಹೋಯ್ತು, ಮುರೀತು" ಅಂತಿದ್ರು. 32 ಜಿಬಿ ಕಾರ್ಡ್ ತಗೊಂಡು ಹಳೇದ್ರಲ್ಲಿದ್ದ ಫೈಲೆಲ್ಲ ಕಾಪಿ ಮಾಡಿ ಹಾಕಿದೆ, ಮಷೀನು ಆನ್ ಆಗ್ಲೇ ಇಲ್ಲ. ಹೊಟ್ಟೆ ತೊಳೆಸಿಬಿಡ್ತು ಮಾರಾಯ್ರೆ. ಆಮೇಲೆ ಗೊತ್ತಾಯ್ತು, ನಮಗೆ ಕಾಣೋ ಫೈಲುಗಳ ಆಚೆಗೆ, ಕಾರ್ಡಿನ ಶುರುವಿನ ಜಾಗದಲ್ಲಿ, ಮಷೀನು ಎದ್ದೇಳೋಕೆ ಬೇಕಾದ ಸಾಮಾನು ಹಾಗೇ ಬರೆದಿಟ್ಟಿರ್ತಾರೆ, ಅದು ಕಾಪಿ ಪೇಸ್ಟಿಗೆ ಸಿಗೋದಲ್ಲ, ಇಡೀ ಕಾರ್ಡನ್ನ ಇಮೇಜ್ ತೆಗೆದು ಹೊಸ ಕಾರ್ಡಿಗೆ ಬರೀಬೇಕು, ಆಮೇಲೆ ಕೊನೇ ಪಾರ್ಟಿಷನ್ ಹಿಗ್ಗಿಸ್ಬೇಕು. ಶಾಲೆ ಲ್ಯಾಬಿನ ಉಬುಂಟು ಕಂಪ್ಯೂಟರಲ್ಲಿ ಮಧ್ಯಾಹ್ನದ ಬಿಡುವಲ್ಲಿ ಮಾಡಿದೆ. ಹಳೇ ಕಾರ್ಡನ್ನ ಕುಂಕುಮದ ಡಬ್ಬೀಲಿ ಇಟ್ಕೊಂಡಿದೀನಿ, ಏನಾದ್ರೂ ಆದ್ರೆ ವಾಪಸ್ ಹಾಕೋಕೆ.

ಬ್ಯಾಟರಿ ಹೋಗಿದ್ದು ಹೋದ ವರ್ಷ. 1500 ಎಂಎಎಚ್ ಇದ್ದಿದ್ದು, ಮೂರು ವಾರ ಬರ್ತಿದ್ದದ್ದು ನಾಲ್ಕು ದಿನಕ್ಕಿಳೀತು, ಆಮೇಲೆ 40 ಪರ್ಸೆಂಟ್ ತೋರಿಸ್ತಾನೇ ಆಫ್. ಆನ್‌ಲೈನಲ್ಲಿ ಒಂದು ತರಿಸಿದ್ರೆ ದಪ್ಪ ಜಾಸ್ತಿ, ಮುಚ್ಚಳ ಕೂರ್ಲಿಲ್ಲ, ವಾಪಸ್ ತಗೊಳ್ಳಿ ಅಂದ್ರೆ ಮಾರಿದವ ಉತ್ತರವೇ ಕೊಡ್ಲಿಲ್ಲ, 700 ರೂಪಾಯಿ ನೀರಿಗೆ ಹಾಕಿದಂಗಾಯ್ತು. ನಿಮಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ಈ ಚಪ್ಪಟೆ ಬ್ಯಾಟರಿ ಮೇಲೆ ಸಾಮಾನ್ಯವಾಗಿ ಆರಂಕಿ ನಂಬರ್ ಇರ್ತದೆ, ಅದೇ ಅಳತೆ, 285083 ಅಂದ್ರೆ 2.8 ಮಿ.ಮೀ. ದಪ್ಪ, 50 ಅಗಲ, 83 ಉದ್ದ. ಮೊದ್ಲು ಹಳೇದು ಅಳೀರಿ, ಆಮೇಲೆ ತರಿಸಿ.

ಎರಡನೇದು ಸರಿ ಅಳತೇದು ಬಂತು, ಬೆಸುಗೆ ಕೆಲಸಕ್ಕೆ ಮಾತ್ರ ನಂಗೆ ಧೈರ್ಯ ಇಲ್ಲ. ಶಿವಮೊಗ್ಗಕ್ಕೆ ಬೇರೆ ಕೆಲಸಕ್ಕೆ ಹೋದವಳು ಮೂರು ಮೊಬೈಲ್ ಅಂಗಡಿ ಹತ್ತಿ ಇಳಿದೆ, ಇಬ್ರು ನೋಡಿದ್ದೇ "ಇದು ಎಂತ ಟ್ಯಾಬ್ ಮೇಡಂ, ಪಾರ್ಟ್ಸ್ ಬರಲ್ಲ" ಅಂದ್ರು. ದುರ್ಗಿಗುಡಿ ಕಡೆ ಮೆಟ್ಟಿಲ ಕೆಳಗಿನ ಒಂದು ಗೂಡಂಗಡಿ, ಇಪ್ಪತ್ತೈದರ ಒಳಗಿನ ಹುಡುಗ, ಪಾರ್ಟ್ಸ್ ನಾನೇ ತಂದಿದೀನಿ ಅಂದಿದ್ದಕ್ಕೆ "ಕೂತ್ಕೊಳಿ ಅಕ್ಕ" ಅಂದ. ಹಳೇ ಬ್ಯಾಟರಿಯ ವೈರನ್ನ ಒಂದು ಕತ್ತರಿಸಿ ತುದಿಗೆ ಟೇಪ್ ಸುತ್ತಿ ಆಮೇಲೆ ಇನ್ನೊಂದು ಕತ್ತರಿಸಿದ. ಯಾಕೆ ಒಂದೊಂದೇ ಅಂದೆ. "ಎರಡೂ ಒಟ್ಟಿಗೆ ಕಟ್ಟರಿಗೆ ಸಿಕ್ರೆ ಶಾರ್ಟ್ ಆಗ್ತದಲ್ಲ ಅಕ್ಕ, ನನ್ ಕೈಯಲ್ಲೇ ಬೆಂಕಿ." ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಕೂಡಿಸೋ ಮೊದ್ಲು ಮೀಟರ್ ಹಿಡಿದು ನೋಡಿದ, ಯಾಕಂದ್ರೆ ಬಣ್ಣ ನಂಬಂಗಿಲ್ಲವಂತೆ. ಬೆಸುಗೆ ಮೇಲೆ ಸಣ್ಣ ಕೊಳವೆ ಏರಿಸಿ ಬಿಸಿ ಗಾಳಿ ಊದಿ ಕುಗ್ಗಿಸಿದ. ಸ್ಕ್ರೀನ್ ಒತ್ತಬೇಡ, ಒಳಗೆ ಗಾಜಿದೆ, ಒಡೆದ್ರೆ ಮುಗೀತು ಅಂತ ನಾನು ಹೇಳೋ ಮೊದ್ಲೇ ಕೆಳಗೆ ಸ್ಪಂಜ್ ಹಾಸಿಕೊಂಡಿದ್ದ. ಇಪ್ಪತ್ತು ನಿಮಿಷ, 250 ರೂಪಾಯಿ. ಆನ್ ಆದಾಗ ಆ ಸ್ಕ್ರೀನ್ ನೋಡಿ, "ಅಕ್ಕ, ಇದರ ಮೇಲಿನ ಸ್ಟಿಕ್ಕರ್ ತೆಗೀಲಾ?" ಅಂದ. ಕಾಗದ ಅಂಟಿಸಿದೆ ಅಂದ್ಕೊಂಡಿದ್ದ.

ಈಗ ಮತ್ತೆ ಎರಡೂವರೆ ಮೂರು ವಾರ ಬರ್ತದೆ, ವೈಫೈ ಆಫ್ ಮಾಡಿಟ್ರೆ. ತಕರಾರು ಅಂದ್ರೆ ಕೋರೀಡರ್ ಮೆನು, ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು, ಹಬ್ಬದ ದಿನ ಅಡುಗೆಮನೆ ಇದ್ದಂಗೆ, ಎಲ್ಲಾ ಉಂಟು, ಬೇಕಾದ್ದು ಕೈಗೆ ಸಿಗಲ್ಲ. ಮೊದಲ ತಿಂಗಳು ಅತ್ತೆ ಕೈಗೆ ಕೊಡೋಕೇ ಆಗ್ಲಿಲ್ಲ, ಎಲ್ಲೋ ಬೆರಳು ತಾಗಿ ಇನ್ನೇನೋ ತೆರ್ಕೊಳ್ತಿತ್ತು. ಕೊನೆಗೆ ಬೇಡದ ಗೆಸ್ಚರೆಲ್ಲ ತೆಗೆದು, ಬಲಕ್ಕೆ ಮುಟ್ಟಿದ್ರೆ ಮುಂದೆ, ಎಡಕ್ಕೆ ಮುಟ್ಟಿದ್ರೆ ಹಿಂದೆ, ಅಷ್ಟೇ ಇಟ್ಟೆ. ಕಣ್ಣಿನ ಪೊರೆ ಆಪರೇಷನ್ ಆದ್ಮೇಲೆ ಅವರು ಅಚ್ಚಾದ ಪುಸ್ತಕ ಮುಟ್ಟಿರ್ಲಿಲ್ಲ. ಈಗ ಅಕ್ಷರ ಎಷ್ಟು ದೊಡ್ಡದು ಮಾಡ್ಕೊಂಡಿದಾರೆ ಅಂದ್ರೆ ಈಪಬ್ ಪುಟಕ್ಕೆ ಎಂಟೇ ಸಾಲು.

ಓದಿದ ಲೆಕ್ಕ ಇಡೋ ಪ್ಲಗಿನ್ ಒಂದಿದೆ ಇದ್ರಲ್ಲಿ, ಯಾವ ದಿನ ಎಷ್ಟು ಗಂಟೇಲಿ ಎಷ್ಟು ಪುಟ ಅಂತ ಕ್ಯಾಲೆಂಡರಲ್ಲಿ ತೋರಿಸ್ತದೆ. ಮೊನ್ನೆ ಸುಮ್ನೆ ತೆಗೆದು ನೋಡಿದ್ರೆ ವಾರವಿಡೀ ರಾತ್ರಿ ಎರಡೂವರೆಯಿಂದ ನಾಲ್ಕರ ತನಕ ಗೆರೆ. ನಿದ್ದೆ ಬರಲ್ವಾ ಅತ್ತೆ ಅಂತ ಕೇಳಿದೆ. "ನಿಂಗ್ಯಾರು ಹೇಳಿದ್ರು?" ಅಂದ್ರು. ಈ ಮಷೀನೇ ಹೇಳ್ತು ಅಂದೆ. ಒಂದು ಗಳಿಗೆ ಅದನ್ನೇ ನೋಡಿ, "ಚಾಡಿ ಹೇಳೋದನ್ನ ನಿಲ್ಸಕ್ಕೆ ಆಗ್ತದಾ ಮಾರಾಯ್ತಿ ಇದ್ರಲ್ಲಿ?" ಅಂದ್ರು. ಆಗ್ತದೆ. ನಿಲ್ಸಿದೀನಿ.