ಕಾಪರ್ ಪವರ್: ಕ್ವಾರಂಟೈನ್ ತೊಟ್ಟಿಗೆ ನೆಚ್ಚಬಹುದಾದ ಔಷಧ

ಹೊಸ ಕಡಲ ಮೀನುಗಳನ್ನು ಮುಖ್ಯ ತೊಟ್ಟಿಗೆ ಬಿಡುವ ಮೊದಲು ಪ್ರತ್ಯೇಕವಾಗಿರಿಸುವವರಿಗೆ ಕಾಪರ್ ಪವರ್ ಎಂಬ ದ್ರವರೂಪದ ತಾಮ್ರದ ಔಷಧವನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೊಕಾರಿಯಾನ್ ಎಂಬ ಪರಾವಲಂಬಿಯು ಮೀನಿನ ಚರ್ಮದಡಿ ಅಡಗಿರುವಾಗಲಾಗಲಿ, ತಳದಲ್ಲಿ ಕೋಶ ಕಟ್ಟಿಕೊಂಡು ಕುಳಿತಿರುವಾಗಲಾಗಲಿ ತಾಮ್ರಕ್ಕೆ ಬಗ್ಗುವುದಿಲ್ಲ; ಕೋಶದಿಂದ ಹೊರಬಂದ ಮರಿಗಳು ಮೀನನ್ನು ಹುಡುಕುತ್ತ ಈಜುವ ಅಲ್ಪಾವಧಿಯಲ್ಲಷ್ಟೇ ಅವು ಸಾಯುತ್ತವೆ. ಆದ್ದರಿಂದ ಚುಕ್ಕೆಗಳು ಮಾಯವಾದರೂ ಚಿಕಿತ್ಸೆಯನ್ನು ನಿಲ್ಲಿಸದೆ, ತಾಮ್ರದ ಮಟ್ಟವನ್ನು 30 ದಿನ ಸತತವಾಗಿ 2.5 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 2.5 ಭಾಗ) ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು.

ಇದು ಕೀಲೇಟ್ ಮಾಡಿದ, ಅಂದರೆ ಬೇರೆ ಅಣುಗಳಿಗೆ ಬಂಧಿಸಿದ ತಾಮ್ರವಾದ್ದರಿಂದ, ನೀರಿನಲ್ಲಿ ಬಿಡಿಯಾಗಿ ಕರಗಿರುವ ಅಯಾನಿಕ್ ತಾಮ್ರಕ್ಕಿಂತ ಸ್ಥಿರವಾಗಿ ನಿಲ್ಲುತ್ತದೆ, ಮತ್ತು ಪ್ರಮಾಣವನ್ನು ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿದರೆ ಸೂಕ್ಷ್ಮ ಮೀನುಗಳೂ ಸಹಿಸಿಕೊಳ್ಳುತ್ತವೆ. ಆದರೆ ಬಣ್ಣ ಹೋಲಿಸಿ ನೋಡುವ ಕಿಟ್‌ಗಳಲ್ಲಿ ಹಲವು ಇದನ್ನು ಸರಿಯಾಗಿ ಅಳೆಯುವುದಿಲ್ಲ. ಡಿಜಿಟಲ್ ತಾಮ್ರಮಾಪಕವಿಲ್ಲದೆ ಈ ಔಷಧವನ್ನು ಬಳಸುವುದು ನನ್ನ ದೃಷ್ಟಿಯಲ್ಲಿ ಅಪಾಯಕಾರಿ. ಕಲ್ಲು, ಮರಳು ತಾಮ್ರವನ್ನು ಹೀರುವುದರಿಂದ ಅವು ತೊಟ್ಟಿಯಲ್ಲಿ ಇರಬಾರದು. ಮೀನುಗಳಿಗೆ ಅಡಗಲು ಪಿವಿಸಿ ಪೈಪಿನ ತುಂಡುಗಳು ಸಾಕು.

ಹವಳಗಳಿಗಂತೂ ಇದು ವಿಷ. ಅವುಗಳ ಬುಡದ ಕಲ್ಲಿಗೆ ಅಂಟಿಬರುವ ಪರಾವಲಂಬಿಯ ಕೋಶಗಳನ್ನು, ಹವಳವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವ ಡಿಪ್ ದ್ರಾವಣಗಳೂ ಕೊಲ್ಲಲಾರವಾದ್ದರಿಂದ, ಪರಾವಲಂಬಿಯು ಮೀನು ಸಿಗದೆ ಸಾಯಲೆಂದು ಹವಳಗಳನ್ನು ಮೀನಿಲ್ಲದ ಬೇರೊಂದು ತೊಟ್ಟಿಯಲ್ಲಿ 76 ದಿನ ಇರಿಸುವ ರೂಢಿಯನ್ನೇ ನಾನು ಒಪ್ಪುತ್ತೇನೆ.