ಗಾಂಧಿ ಬಜಾರಿನ ಬೆರಕೆ ಸೊಪ್ಪು: ಬೆಳಗ್ಗೆ ಬೇಗ ಹೋಗಿ

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಾರೆ. ಅವರ ಹತ್ತಿರ ದಂಟು, ಪಾಲಕ್ ಕೇಳಬೇಡಿ, ಸಿಗಲ್ಲ. ರಾಗಿ ಹೊಲದಲ್ಲಿ, ಬದುಗಳಲ್ಲಿ ಕಳೆ ಅಂತ ಕಿತ್ತದ್ದೇ ಅವರ ಸರಕು. ಗುಡ್ಡೆಗೆ 40 ರೂಪಾಯಿ. ಹೋದ ವಾರ ನನಗೆ ಸಿಕ್ಕಿದ್ದರಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ, ಎಳೇ ಚಗಚೆ, ಒಂದಿಷ್ಟು ಮುಳ್ಳುಕೀರೆ ಇತ್ತು. ಕೋಲಾರದ ಕಡೆಯವಳು ನಾನು, ಬೆರಕೆ ಸೊಪ್ಪು ಅಂದರೆ ಹೀಗಿರಬೇಕು. ಒಂದು ಆ್ಯಪ್‌ನಲ್ಲಿ ಅದೇ ಹೆಸರಿನ ಪ್ಯಾಕೆಟ್ ತರಿಸಿದರೆ ಒಳಗಿದ್ದದ್ದು ದಂಟು, ಮೆಂತ್ಯ, ಸಬ್ಬಸಿಗೆ!

ಅಜ್ಜಿಗೆ ಗಿಡ ಚೆನ್ನಾಗಿ ಗೊತ್ತು. ಗೋಣಿ ಸೊಪ್ಪಿನ ದಂಟು ಮುರಿದು ತೋರಿಸಿದರು: ನೀರು ಬಂದರೆ ಸಾರಿಗೆ, ಹಾಲು ಬಂದರೆ ತಿಪ್ಪೆಗೆ. ನೆಲಕ್ಕೆ ಹಬ್ಬುವ ಹಾಲುಗಿಡಗಳು ಮೇಲ್ನೋಟಕ್ಕೆ ಗೋಣಿಯ ಹಾಗೇ ಕಾಣುತ್ತವೆ, ತಿನ್ನುವಂತಿಲ್ಲ. ಗಣಿಕೆಯ ಹಸಿರು ಕಾಯಿಗಳನ್ನೂ ತಿನ್ನಬಾರದು, ಅವನ್ನು ಅವರೇ ಆಯ್ದು ಬಿಸಾಡಿ ಸೊಪ್ಪು ಕೊಡುತ್ತಾರೆ.

ಯಾರ ಹತ್ತಿರ ಕೊಂಡರೂ ಎಲ್ಲಿ ಕಿತ್ತದ್ದು ಅಂತ ಕೇಳಿ. ಹೊನಗೊನ್ನೆ ಮೋರಿ ನೀರು ಸೇರುವ ಕೆರೆ ದಡದಲ್ಲೂ ಸೊಕ್ಕಿ ಬೆಳೆಯುತ್ತೆ. ಅಂಥದ್ದು, ಇಲ್ಲಾ ಕಳೆನಾಶಕ ಹೊಡೆದ ಮುಸುಕಿನ ಜೋಳದ ಹೊಲದ್ದು, ಪುಕ್ಕಟೆ ಕೊಟ್ಟರೂ ಬೇಡ. ಅಜ್ಜಿ ತರುವುದು ಮಾಗಡಿ ಕಡೆಯ ತಮ್ಮದೇ ಹೊಲದಿಂದಂತೆ. ಮುಸುಕಿನ ಜೋಳ ಹಾಕುವವರನ್ನು ಅವರು ಬೈದ ರೀತಿ ನೋಡಿ ನನಗೆ ನಂಬಿಕೆ ಬಂತು.

ತೊಗರಿಬೇಳೆ ಜೊತೆ ಬೇಯಿಸಿ ಬಸಿದು ಬಸ್ಸಾರು ಮಾಡಿದೆ. ಗೋಣಿಯ ಸಣ್ಣ ಹುಳಿ ಇದ್ದದ್ದರಿಂದ ಹುಣಸೆ ಅರ್ಧ ಸಾಕಾಯಿತು. ಗೋಣಿಯಲ್ಲಿ ಸೊಪ್ಪುಗಳಲ್ಲಿ ಅಪರೂಪವೆನ್ನುವಷ್ಟು ಒಮೆಗಾ-3 ಇದೆ, ಆದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಕೂಡ ಜಾಸ್ತಿ, ಬೇಯಿಸಿದಾಗ ನೀರಿಗೆ ಇಳಿಯುತ್ತೆ. ಕಿಡ್ನಿ ಕಲ್ಲಾದವರಿಗೆ ಈ ಸೊಪ್ಪು ಮಿತವಾಗಿರಲಿ, ಬೇಯಿಸಿದ ನೀರಂತೂ ಬೇಡ ಅನ್ನುತ್ತಾರೆ. ಬಸ್ಸಾರು ಅಂದರೆ ಆ ನೀರೇ ತಾನೇ! ಹಾಗಾಗಿ ನಮ್ಮೆಜಮಾನರಿಗೆ ಒಂದೆರಡು ಚಮಚ ಪಲ್ಯ, ಮೊಸರು. ಮುದ್ದೆ ಸಾರು ನನಗೆ.

ತಕರಾರು ಅಂದರೆ ಮಣ್ಣು. ನಾಲ್ಕು ನೀರಲ್ಲಿ ತೊಳೆದರೂ ತಳದಲ್ಲಿ ಮರಳು. ಮುಳ್ಳುಕೀರೆ ಬಿಡಿಸುವಾಗ ಬೆರಳು ಜೋಪಾನ. ಬೇಸಿಗೆಯಲ್ಲಿ ಅಜ್ಜಿ ಬರುವುದೇ ಇಲ್ಲ, ಮಳೆ ಬಿದ್ದ ಮೇಲೇ ದರ್ಶನ. ಎಂಟು ಗಂಟೆ ದಾಟಿದರೆ ಖಾಲಿ ಚೀಲ.

ಐದಕ್ಕೆ ನಾಲ್ಕೂವರೆ. ಸ್ಕ್ಯಾನರ್ ಇಲ್ಲ, ಚಿಲ್ಲರೆ ಒಯ್ಯಿರಿ.