ಶನಿವಾರ ರೈಲೋ, ರೂಮೋ?

ಶಿರಸಿಯಿಂದಲೋ ಕಾರವಾರದಿಂದಲೋ ಜರ್ಮನಿಗೆ ಓದಲು ಹೋದವರಿಗೆ ಮನೆ ನೆನಪು ಜಾಸ್ತಿ ಕಾಡುವುದು ರಜೆಯ ದಿನ. ಆಗ ಊರೂರು ಸುತ್ತುವುದೋ, ರೂಮಲ್ಲೇ ಇರುವುದೋ?

ಸುತ್ತುವುದಕ್ಕೆ ಅಲ್ಲಿ ಅನುಕೂಲ ಇದೆ. 2023ರಲ್ಲಿ ಶುರುವಾದ ಡಾಯ್ಚ್‌ಲಾಂಡ್ ಟಿಕೆಟ್ ಕೊಂಡರೆ ತಿಂಗಳಿಡೀ ದೇಶದ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ಐಸಿಇಯಂಥ ವೇಗದ ರೈಲಿಗೆ ಅದು ನಡೆಯುವುದಿಲ್ಲ. ಆದರೆ ಒಬ್ಬರೇ ಹೋದರೆ, ಕತ್ತಲಾದ ಮೇಲೆ ಗೊತ್ತಿಲ್ಲದ ಸ್ಟೇಷನ್ನಿನಲ್ಲಿ ಬೇಜಾರು ದುಪ್ಪಟ್ಟಾಗುತ್ತದೆ. ಕ್ಲಾಸಿನ ಒಬ್ಬರನ್ನಾದರೂ ಎಳೆದುಕೊಂಡು ಹೋಗಿ.

ರೂಮಲ್ಲಿ ಇರುವುದು ಅಗ್ಗ. ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಬಾಟಲಿ, ಬಿಸಿ ಅನ್ನ, ಮೊಸರು. ಸಾಕು ಅಲ್ವಾ? ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಮೊಸರು ಶನಿವಾರವೇ ತಂದಿಡಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಹತ್ತೂವರೆ, ಆಯಿ ತೂಕಡಿಸುತ್ತಿರುತ್ತಾಳೆ. ಮಧ್ಯಾಹ್ನವೇ ಮಾತಾಡಿ. ದಿನವಿಡೀ ವಿಡಿಯೋ ಕಾಲಿಗೆ ಅಂಟಿಕೊಂಡರೆ ಮಾತ್ರ ಸೋಮವಾರ ಏಳುವುದೇ ಕಷ್ಟ.

ಹೊಸದಾಗಿ ಹೋದವರಿಗೆ ನಾನು ರೈಲನ್ನೇ ಹೇಳುತ್ತೇನೆ, ಶನಿವಾರ ಒಂದು ದಿನ. ಪರೀಕ್ಷೆ ಹತ್ತಿರ ಬಂದಾಗ ರೂಮೇ ಸರಿ.